ಊರೆಲ್ಲ ತೂಗಿದ ಕೂಸು

ಹುಣಸೂರು, ಸರ್ಕಾರಿ ಆಸ್ಪತ್ರೆಯ ಜಗಲಿ
೧೮-೯-೨೦೨೫, ಗುರುವಾರ ಮಧ್ಯಾಹ್ನ

ನನ್ನ ಶ್ಯಾಮಲೆಗೆ ಅಮ್ಮನ ಅಕ್ಕರೆಯ ನೆನಪುಗಳು.

ಕಾಲಿನ ಊತ ಇಳಿಯಿತೇ? ಸಂಜೆ ಹೊತ್ತು ಕಾಲು ಊದುವುದು ಸಹಜ, ಅದಕ್ಕೆ ಹೆದರಬೇಡ. ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ, ಕಣ್ಣು ಮಂಜಾದರೆ, ತಲೆ ಸಿಡಿದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತೀಯೆಂದು ಅಳಿಯಂದಿರು ದೂರು ಹೇಳಿದರು. ಹಾಗೆ ನುಂಗಿದರೆ ಮೈಗೆ ಹತ್ತುವುದಿಲ್ಲ ಕಣೇ, ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೋ. ಹದಿನೇಳು ವರ್ಷ ಊರಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದದ್ದನ್ನೇ ನಿನಗೂ ಹೇಳುತ್ತಿದ್ದೇನೆ. ಆಶಾ ಕಾರ್ಯಕರ್ತೆಯ ಮಗಳಾಗಿ ಹುಟ್ಟಿದ ತಪ್ಪಿಗೆ ಕೇಳಿಸಿಕೋ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸುತ್ತಿರಬಹುದು. ನಮ್ಮ ಮನೆಯಲ್ಲಿ ಈಗ ಯಾವ ಹೊತ್ತಿಗೂ ಯಾರಾದರೂ ಕೂತಿರುತ್ತಾರೆ. ಜಗಲಿಯಲ್ಲಿ ಇಬ್ಬರು, ನಡುಮನೆಯಲ್ಲಿ ಮೂವರು, ಕೆಲವು ಸಲ ಅಡುಗೆಮನೆಯ ಹೊಸ್ತಿಲ ಮೇಲೂ ಒಬ್ಬರು. ನಿನ್ನ ಫೋನ್ ಬಂದರೆ ಸಾಕು, ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಹೋದ ವಾರ ನೀನು ಮಗು ಒದೆಯುತ್ತಿದೆ ಎಂದು ನಕ್ಕೆಯಲ್ಲ, ಆಗ ಎದುರುಮನೆಯ ರಾಮಮ್ಮ ನನ್ನಿಂದ ನಾಲ್ಕು ಮಾರು ದೂರದಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ನಿನ್ನ ಮಾತು ಅವರಿಗೆ ಕೇಳಿಸಿರಲಾರದು. ಆದರೂ ಥಟ್ಟನೆ ತಮ್ಮ ಹೊಟ್ಟೆ ಹಿಡಿದುಕೊಂಡು "ಊಂ" ಎಂದರು. ಅರವತ್ತೆಂಟು ವರ್ಷದ ಹೆಂಗಸು. ಇವತ್ತು ತಿಂಗಳ ಮೀಟಿಂಗಿಗೆ ಹುಣಸೂರಿಗೆ ಬಂದಿದ್ದೇನೆ. ಮೀಟಿಂಗ್ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿದೆ. ಇಲ್ಲಿ ನನ್ನ ಹೆಗಲ ಮೇಲಿಂದ ಇಣುಕುವವರಿಲ್ಲ.

ನೀನು ಮದುವೆಯಾಗಿ ಮೈಸೂರಿಗೆ ಹೋಗುವಾಗಲೇ ನಮ್ಮ ಕೊಪ್ಪಲು ಖಾಲಿಯಾಗುತ್ತಿತ್ತು. ಈಗಿನ ಲೆಕ್ಕ ನನ್ನ ರಿಜಿಸ್ಟರಿನಲ್ಲಿದೆ. ಅರವತ್ತೊಂದು ಮನೆ, ಅದರಲ್ಲಿ ಇಪ್ಪತ್ತೆರಡಕ್ಕೆ ಬೀಗ. ಓದಿದ ಹುಡುಗಿಯರೆಲ್ಲ ಮೈಸೂರು ಕಡೆ ಫ್ಯಾಕ್ಟರಿ, ಗಾರ್ಮೆಂಟ್ಸು, ಮದುವೆ ಎಂದು ಹೋದರು. ಹೊಲ ಇರುವ ಗಂಡಿಗೆ ಹೆಣ್ಣು ಕೊಡುವವರಿಲ್ಲ. ಮೂವತ್ತೈದು ದಾಟಿದ ಗಂಡಸರು ಹದಿನಾಲ್ಕು ಜನ ಮದುವೆಯಿಲ್ಲದೆ ಕೂತಿದ್ದಾರೆ. ನಿನಗೆ ಸೈಕಲ್ ಕಲಿಸಿದ ಮಾದೇಶನಿಗೆ ಈಗ ನಲವತ್ಮೂರು. ನಮ್ಮೂರಲ್ಲಿ ಕೊನೆಯ ಮಗು ಹುಟ್ಟಿದ್ದು ಒಂಬತ್ತು ವರ್ಷದ ಹಿಂದೆ, ಅದನ್ನೂ ಅದರ ಅಮ್ಮ ಹುಣಸೂರಿಗೆ ಕರೆದುಕೊಂಡು ಹೋದಳು. ಅಂಗನವಾಡಿ ಮುಚ್ಚಿತು. ಮುಚ್ಚಿದ ಮೇಲೂ ಅಲ್ಲಿ ಸಹಾಯಕಿಯಾಗಿದ್ದ ಮಂಗಳಮ್ಮ ಪ್ರತಿ ಸೋಮವಾರ ಅದರ ಜಗಲಿ ಗುಡಿಸಿ, ಅಲ್ಲಿದ್ದ ಪುಟ್ಟ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದರು. ಹಳೆಯ ಅಭ್ಯಾಸ ಎಂದುಕೊಂಡು ನಾನು ಸುಮ್ಮನಿದ್ದೆ. ಮೀಟಿಂಗಿನಲ್ಲಿ ಪ್ರತಿ ತಿಂಗಳೂ ನಮ್ಮೂರಿನ ಹೆಸರು ಬಂದಾಗ ಮೇಡಂ ತಲೆಯೆತ್ತದೆ "ಭಾಗ್ಯ, ನಿಮ್ಮದು ಸೊನ್ನೆ ತಾನೆ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಒಂಬತ್ತು ವರ್ಷ ಹೂಂ ಎಂದಿದ್ದೇನೆ.

ಮೇ ಕೊನೆಯಲ್ಲಿ ಮಹದೇವಪ್ಪನವರ ಹೊಗೆಸೊಪ್ಪಿನ ಕೆಲಸಕ್ಕೆ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಗಂಡ ಹೆಂಡತಿ ಬಂದರು. ಗಂಡ ಕಾಳ, ಹೆಂಡತಿ ಕೇತಿ. ಕೇತಿಗೆ ಇಪ್ಪತ್ತೆರಡು ಇರಬಹುದು, ಏಳು ತಿಂಗಳ ಬಸುರಿ. ಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದ ಶೀಟಿನ ಕೋಣೆಯಲ್ಲಿ ಅವರನ್ನು ಇಟ್ಟಿದ್ದರು. ನಾನು ಹೋದಾಗ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಒಂದು ತಪಾಸಣೆಯನ್ನೂ ತಪ್ಪಿಸಿರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ನನಗೆ ನೀನೇ ನೆನಪಾದೆ.

ಮಾರನೆಯ ದಿನ ರಾಮಮ್ಮ ಆ ಕೋಣೆಗೆ ಹೋದರು. ಹಾಡಿಯವರನ್ನು ಜಗಲಿ ದಾಟಿಸದ ರಾಮಮ್ಮ, ನೀನೇ ಕಂಡಿದ್ದೀಯಲ್ಲ. ಅಂಥವರು ಕೇತಿಯ ಎದುರಿಗೆ ನೆಲದ ಮೇಲೆ ಕೂತು ಒಂದು ಗಂಟೆ ಅವಳ ಹೊಟ್ಟೆಯನ್ನೇ ನೋಡಿದರಂತೆ. ಅದಾದ ಎರಡೇ ದಿನಕ್ಕೆ ನಡುಬೀದಿಯ ಬೀಗ ಹಾಕಿದ ಮನೆಯೊಂದನ್ನು ತೆಗೆಸಿ, ಸುಣ್ಣ ಹೊಡೆಸಿ, ಗಂಡ ಹೆಂಡತಿಯನ್ನು ಅಲ್ಲಿಗೆ ತಂದರು. ಒಂಬತ್ತು ಮನೆಯಿಂದ ಊಟ ಬರತೊಡಗಿತು. ಕೇತಿ ಹೊಲಕ್ಕೆ ಇಳಿಯುವುದು ಬೇಡವೆಂದರು. ಕಾಳ ಮೊದಮೊದಲು ನನ್ನ ಬಳಿ "ನಿಮ್ಮೂರ್ ಜನ ದೇವ್ರಂಗವ್ರೆ ಕಣಕ್ಕ" ಎಂದು ಕಣ್ಣೀರು ಹಾಕಿದ. ನನಗೂ ಸಂತೋಷವಾಗಿತ್ತು ಕಣೇ. ಇಷ್ಟು ವರ್ಷದಲ್ಲಿ ಆಗದ್ದು ಒಂದು ಬಸುರಿಯಿಂದ ಆಯಿತಲ್ಲ ಎಂದುಕೊಂಡೆ. ತಿಂಗಳು ಕಳೆಯುವುದರಲ್ಲಿ ಅವನೇ ಬಂದು ದನಿ ತಗ್ಗಿಸಿ ಕೇಳಿದ: "ಅಕ್ಕಾ, ನಮ್ ಮನೆ ಕದ ಹಾಕಂಡ್ರೆ ಯಾಕ್ ಬಂದ್ ತಟ್ತಾರೆ?"

ಆಷಾಢದಲ್ಲಿ ಎಲ್ಲರೂ ಅಟ್ಟದಿಂದ ತೊಟ್ಟಿಲು ಇಳಿಸಿದರು. ಒಬ್ಬರು ತೊಳೆದು ಹೊರಗಿಟ್ಟದ್ದನ್ನು ನೋಡಿ ಇನ್ನೊಬ್ಬರು. ತೊಟ್ಟಿಲಿಲ್ಲದ ಮಾದೇಶ ತಾನೇ ಹಲಸಿನ ಹಲಗೆ ಕುಯ್ಯಿಸಿ ಹೊಸದು ಮಾಡಿದ. ಖಾಲಿ ತೊಟ್ಟಿಲು ತೂಗಬಾರದೆಂದು ರುಬ್ಬುವ ಗುಂಡುಕಲ್ಲನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಒಳಗೆ ಮಲಗಿಸಿದರು. ನಾಮಕರಣದ ದಿನ ಶಾಸ್ತ್ರಕ್ಕೆ ಮಾಡುವುದನ್ನು ಇವರು ದಿನಾ ಮಾಡತೊಡಗಿದರು. ಮಧ್ಯಾಹ್ನ ಎರಡು ಗಂಟೆಗೆ ನಾನು ಬೀದಿಯಲ್ಲಿ ನಡೆದು ಬರುತ್ತಿದ್ದರೆ ಜನರ ದನಿಯೇ ಇರುತ್ತಿರಲಿಲ್ಲ, ಮನೆಮನೆಯಿಂದ ತೊಟ್ಟಿಲ ಸರಪಳಿ ಕಿರುಗುಟ್ಟುವುದೊಂದೇ ಕೇಳುತ್ತಿತ್ತು. ಎಲ್ಲವೂ ಒಂದೇ ಲಯದಲ್ಲಿ. ಅವರು ಮಾತಾಡಿಕೊಂಡು ಹಾಗೆ ತೂಗುತ್ತಿರಲಿಲ್ಲ ಶ್ಯಾಮಲಾ. ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ನಾನು ನಿನ್ನ ತೊಟ್ಟಿಲನ್ನು ಇಳಿಸಿದ್ದು ಎಲ್ಲರಿಗಿಂತ ಕೊನೆಗೆ. ನಿನಗೇ ಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಜುಲೈ ಇಪ್ಪತ್ನಾಲ್ಕು, ಬೆಳಿಗ್ಗೆ ಒಂಬತ್ತಕ್ಕೆ ಕೇತಿಗೆ ನೋವು ಶುರುವಾಯಿತು. ನಾನು ಮಾಡಬೇಕಾದದ್ದು ಒಂದೇ, ೧೦೮ಕ್ಕೆ ಫೋನ್ ಮಾಡಿ ಗಾಡಿ ಹತ್ತಿಸುವುದು. ಫೋನ್ ಕೈಯಲ್ಲಿತ್ತು. ರಾಮಮ್ಮ ನನ್ನ ಮಣಿಕಟ್ಟು ಹಿಡಿದು, "ಅಂಗ್ಯಾಕವ್ವ ಆತುರ? ಈ ಊರಲ್ಲೇ ಉಟ್ಲಿ ಬುಡು, ಆ ಅಳು ಈ ಗ್ವಾಡೆಗೆ ಕೇಳ್ಲಿ" ಎಂದರು. ಚೊಚ್ಚಲು, ತಡವಾಗುತ್ತದೆ, ನೋಡೋಣ ಎಂದು ನಾನು ಹೇಳಿದೆ. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆ ಮಗು ಅಲ್ಲಿಯದಾಗುತ್ತದೆ, ನಮ್ಮೂರು ಮತ್ತೆ ಸೊನ್ನೆ. ನಾನು ಫೋನ್ ಮಾಡಿದ್ದು ತಲೆ ಕಾಣಿಸಿದ ಮೇಲೆ. ಕೇತಿಗೋ ಕೂಸಿಗೋ ಏನಾದರೂ ಆಗಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. ಆಗಲಿಲ್ಲ. ಹೆಣ್ಣು ಮಗು, ಎರಡೂಮುಕ್ಕಾಲು ಕೆಜಿ. ಹೊರಗೆ ಊರಿಗೆ ಊರೇ ನಿಂತಿತ್ತು. ಗಂಡೋ ಹೆಣ್ಣೋ ಎಂದು ಒಬ್ಬರೂ ಕೇಳಲಿಲ್ಲ. ಮಗು ಅತ್ತಿತು, ಆಮೇಲೆ ಒಬ್ಬೊಬ್ಬರೂ ಒಂದೊಂದು ಹೆಸರು ಹಿಡಿದು ಕರೆಯತೊಡಗಿದರು. ಒಬ್ಬರಿಗೆ ಇನ್ನೊಬ್ಬರು ಕರೆದದ್ದು ಕೇಳಿಸಲೇ ಇಲ್ಲವೇನೋ ಎಂಬಂತೆ.

ಆಮೇಲೆ ಕೂಸು ಕೇತಿಯ ಬಳಿ ಇದ್ದದ್ದೇ ಕಡಿಮೆ. ಬಾಣಂತಿ ದಣಿದಿದ್ದಾಳೆ, ಮಲಗಲಿ ಎಂದು ಎತ್ತಿಕೊಂಡು ಹೋಗುವರು. ಹಾಲಿಗೆ ಮಾತ್ರ ತಂದು ಕೊಟ್ಟು, ಕುಡಿದು ಮುಗಿಯುವ ತನಕ ಕಾದು, ಮತ್ತೆ ಎತ್ತಿಕೊಳ್ಳುವರು. ಒಂದೊಂದು ದಿನ ನಾಲ್ಕು ಮನೆಯಲ್ಲಿ ನೀರು ಎರೆಯುತ್ತಿದ್ದರು. ನಾನು ಬೈದರೆ ತಲೆಯಾಡಿಸಿ ಮತ್ತೆ ಅದನ್ನೇ ಮಾಡುವರು. ಕೇತಿ ಒಂದು ದಿನ ಮಗುವಿನ ನೆತ್ತಿ ಮೂಸಿ ನನ್ನನ್ನು ನೋಡಿ, "ಒಂದೊಂದ್ ದಪ ಒಂದೊಂದ್ ಮನೆ ವಾಸ್ನೆ ಬತ್ತದೆ ಅಕ್ಕ, ನನ್ದು ಮಾತ್ರ ಇಲ್ಲ" ಎಂದಳು. ನಾನು ಎಲ್ಲರಿಗೂ ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಸೆಪ್ಟೆಂಬರ್ ಎರಡನೇ ತಾರೀಕು ಮಧ್ಯಾಹ್ನ ಕೇತಿಗೆ ಹಾಲು ತುಂಬಿ ಎದೆ ಕಟ್ಟಿಕೊಂಡಿತು. ಹಾಲಿನ ಹೊತ್ತು ಮೀರಿದರೂ ಕೂಸನ್ನು ಯಾರೂ ತರಲಿಲ್ಲ. ಕಾಳ ಹೊಲದಲ್ಲಿದ್ದ. ಅವಳೇ ಎದ್ದು ಬೀದಿಗಿಳಿದಳು. ಮೊದಲನೆಯ ಮನೆಯಲ್ಲಿ ಮಂಗಳಮ್ಮ ತೊಟ್ಟಿಲು ತೂಗುತ್ತ, "ಇಲ್ಲೇ ಮಲಗ್ಕಂಡದೆ, ಎಚ್ಚರ ಮಾಡ್ಬ್ಯಾಡ ಓಗು" ಎಂದರಂತೆ. ಕೇತಿ ಬಟ್ಟೆ ಸರಿಸಿ ನೋಡಿದರೆ ಗುಂಡುಕಲ್ಲು. ಅದಕ್ಕೆ ಕಾಡಿಗೆಯ ದೃಷ್ಟಿಬೊಟ್ಟು. ಪಕ್ಕದ ಮನೆಯಲ್ಲೂ ಅದೇ ಮಾತು, ಅಲ್ಲೂ ಕಲ್ಲು. ಹತ್ತು ಮನೆ, ಹತ್ತು ತೊಟ್ಟಿಲು, ಒಂದೊಂದನ್ನೂ ಅವಳು ಬಗ್ಗಿ ನೋಡಿದಳು. ಒಂದು ಕಲ್ಲು ಬೆಚ್ಚಗಿತ್ತಂತೆ. ಆಗಷ್ಟೇ ಅದಕ್ಕೆ ಬಿಸಿನೀರು ಎರೆದು ಒರೆಸಿದ್ದರು. ಅವರು ಯಾರೂ ಅವಳಿಗೆ ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅವರಿಗೆ ನಿಜವಾಗಿಯೂ ಅಲ್ಲಿ ಕೂಸು ಮಲಗಿತ್ತು.

ಹನ್ನೊಂದನೆಯದು ನಮ್ಮ ಮನೆ. ಬಾಗಿಲು ಹಾಕಿತ್ತು. ಅವಳು ತಟ್ಟಿದಳು. ನಾನು ಅರ್ಧ ತೆಗೆದು, ಅಡ್ಡ ನಿಂತು, "ಇಲ್ಲಿಲ್ಲ ಕಣವ್ವ, ಮುಂದ್ಲ ಮನೇಲಿ ಕೇಳು" ಎಂದೆ. ಕೂಸು ಒಳಗೆ ನಿನ್ನ ತೊಟ್ಟಿಲಲ್ಲಿತ್ತು. ಬೆಳಿಗ್ಗೆ ರಾಮಮ್ಮನ ಕೈಯಿಂದ ನಾನೇ ಇಸಿದುಕೊಂಡು ಬಂದಿದ್ದೆ. ನಿಮ್ಮಪ್ಪ ಹೋದ ಮೇಲೆ, ನೀನು ಹೋದ ಮೇಲೆ, ಆ ಕೋಣೆಯಲ್ಲಿ ಒಂದು ಜೀವ ಉಸಿರಾಡುವ ಸದ್ದು ಕೇಳಿ ನಾನು ಮೂರು ಗಂಟೆ ಅಲುಗಾಡದೆ ಕೂತಿದ್ದೆ. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಕೂಸು ಹಸಿದು ಕಿರುಚಿತು. ಕೇತಿ ನನ್ನನ್ನು ತಳ್ಳಲಿಲ್ಲ, ಕೂಗಲಿಲ್ಲ. ಪಕ್ಕದಿಂದ ನುಸುಳಿ ಒಳಗೆ ಹೋಗಿ ಮಗುವನ್ನು ಎದೆಗೆ ಹಾಕಿಕೊಂಡು ನೆಲದ ಮೇಲೆ ಕೂತಳು. ಹಾಲು ಕುಡಿಸಿ ಮುಗಿಸಿದ ಮೇಲೆ ತಲೆಯೆತ್ತಿ, "ನೀನೂನಾ ಅಕ್ಕ?" ಎಂದಳು. ಅಷ್ಟೇ.

ಆ ಎರಡು ಮಾತಿಗೆ ನನಗೆ ಬುದ್ಧಿ ಬಂತು. ಮಗುವಿಗೆ ಆರು ವಾರ ತುಂಬುವುದರಲ್ಲಿತ್ತು, ಚುಚ್ಚುಮದ್ದಿನ ದಿನ. ಅದನ್ನು ತಪ್ಪಿಸಲು ಊರಿನವರೂ ಒಪ್ಪಲಾರರು. ನಾಲ್ಕನೇ ತಾರೀಕು ಬೆಳಿಗ್ಗೆ ಆಟೋ ತರಿಸಿ ತಾಯಿ ಮಗುವನ್ನು ಹನಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಟೋ ಹಿಂದೆ ರಾಮಮ್ಮ ಊರ ಬಾಗಿಲ ತನಕ ನಡೆದು ಬಂದು, "ಬಿರ್ನೆ ಕರ್ಕಂಡ್ ಬಾ, ನೀರ್ ಕಾಯಾಕ್ ಇಕ್ಕಿವ್ನಿ" ಎಂದರು. ಕಾಳ ಬೆಳಗಾಗುವ ಮುಂಚೆಯೇ ಹೋಗಿ ಅಲ್ಲಿ ಕಾದಿದ್ದ. ಮಗುವಿಗೆ ಸೂಜಿ ಹಾಕಿಸಿ, ಜ್ವರ ಬಂದರೆ ಕೊಡಲು ಔಷಧಿ ಕೊಟ್ಟು, ಮೂವರನ್ನೂ ಅವರ ಹಾಡಿ ಕಡೆಯ ಬಸ್ಸು ಹತ್ತಿಸಿದೆ. ಹೆಸರು ಏನಿಟ್ಟೆ ಎಂದು ಕೇಳಬೇಕೆನಿಸಿತು, ಕೇಳುವ ಮುಖ ಇರಲಿಲ್ಲ. ಅವರ ಹಾಡಿಯ ಆಶಾ ಕಾರ್ಯಕರ್ತೆ ಮೊನ್ನೆ ಫೋನ್ ಮಾಡಿದ್ದಳು. ಮಗು ಚೆನ್ನಾಗಿದೆಯಂತೆ, ನಾಲ್ಕು ಕೆಜಿ ದಾಟಿದೆಯಂತೆ. ಕೇತಿ ಯಾರ ಕೈಗೂ ಕೊಡುವುದಿಲ್ಲವಂತೆ, ಅವಳ ಸ್ವಂತ ತಾಯಿಯ ಕೈಗೂ.

ನಾನು ಒಬ್ಬಳೇ ವಾಪಸು ಬಂದಾಗ ಬಯ್ಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಆದರೆ ಎಲ್ಲ ಅವರವರ ಬಾಗಿಲಲ್ಲಿ ನಿಂತು ನನ್ನ ಖಾಲಿ ಕೈ ನೋಡಿದರು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಜಗಲಿಯ ಮೇಲೆ ಏಳು ಜನ ಹೆಂಗಸರು. ರಾಮಮ್ಮ ನಗುತ್ತ, "ಶ್ಯಾಮಲಂಗೆ ಏಳು ತುಂಬ್ತಲ್ಲ, ಯಾವಾಗ್ ಕರ್ಕಂಡ್ ಬತ್ತೀಯ?" ಎಂದರು. ಅವತ್ತಿನಿಂದ ದಿನಾ ಅದೇ ಪ್ರಶ್ನೆ. ನಿನ್ನ ತಿಂಗಳ ಲೆಕ್ಕ ನನಗಿಂತ ಅವರಿಗೆ ಸರಿಯಾಗಿ ಗೊತ್ತು. ತುಪ್ಪ ಬಂದಿದೆ, ಒಣಕೊಬ್ಬರಿ ಬಂದಿದೆ. ಮಾದೇಶ ಕೇಳದೆಯೇ ನಿನ್ನ ಕೋಣೆಗೆ ಸುಣ್ಣ ಬಳಿದು ಹೋದ. ಯಾರ ಕಣ್ಣಲ್ಲೂ ಕೆಟ್ಟದ್ದಿಲ್ಲ, ನಿನ್ನ ಮೇಲೆ ಪ್ರಾಣ ಇಟ್ಟವರೇ ಎಲ್ಲ. ಅದಕ್ಕೇ ನನಗೆ ಇವರನ್ನು ಬೈಯುವ ಬಾಯಿಲ್ಲ. ಇವತ್ತಿನ ಮೀಟಿಂಗಿನಲ್ಲಿ ಮೇಡಂ ಕೇಳುವ ಮೊದಲೇ ನಾನು ಸೊನ್ನೆ ಎಂದೆ.

ದೀಪಾವಳಿ ಕಳೆದು ನಿನ್ನನ್ನು ಕರೆತರುವ ಮಾತು ಆಮೇಲೆ ಆಡೋಣ. ಭಾರ ಎತ್ತಬೇಡ, ಎಡಮಗ್ಗುಲಾಗಿ ಮಲಗು. ಅಳಿಯಂದಿರಿಗೆ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ನೂರು ಕಾಲ ಸುಖವಾಗಿರಿ.

ಇಂತಿ ನಿನ್ನ
ಅಮ್ಮ ಭಾಗ್ಯ

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಲಕೋಟೆ ಇನ್ನೂ ಅಂಟಿಸಿಲ್ಲ. ನಮ್ಮೂರ ಕಡೆಗೆ ಹೋಗುವ ಹನಗೋಡಿನ ಬಸ್ಸು ಬಂದಿದೆ. ಕಿಟಕಿಯಲ್ಲಿ ಮಂಗಳಮ್ಮ ಕೂತು ಕೈ ಬೀಸುತ್ತಿದ್ದಾರೆ. ನನ್ನ ಹಿಂದೆಯೇ ಹುಣಸೂರಿಗೆ ಬಂದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಮಡಿಲಲ್ಲಿ ಪುಟ್ಟ ಕುಲಾವಿಗಳು, ಹನ್ನೆರಡಾದರೂ ಇರಬೇಕು. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ನೀನು ಇಲ್ಲಿಗೆ ಬರಬೇಡ. ಯಾರು ಫೋನ್ ಮಾಡಿ ಕರೆದರೂ, ನಾನೇ ಕರೆದರೂ ಬರಬೇಡ. ಹೆರಿಗೆ ಮೈಸೂರಿನ ಆಸ್ಪತ್ರೆಯಲ್ಲೇ ಆಗಲಿ. ನಾನೇ ಅಲ್ಲಿಗೆ ಬರುತ್ತೇನೆ. ಯಾವ ದಿನ ಎಂದು ಫೋನಿನಲ್ಲಿ ಕೇಳಬೇಡ. ಸಾರು ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ನಿನಗೆ ನೀರು ಎರೆಯುತ್ತೇನೆ. ಮಗುವನ್ನು ನನ್ನ ಕೈಗೆ ಕೊಟ್ಟಾಗ ಮಾತ್ರ ನೀನೋ ಅಳಿಯಂದಿರೋ ಎದುರಿಗೇ ಇರಿ. ನಾನು ಕೋಣೆಯ ಬಾಗಿಲು ಹಾಕಿಕೊಂಡರೆ ನನ್ನ ಮಾತು ಕೇಳುತ್ತ ಹೊರಗೆ ನಿಲ್ಲಬೇಡ ಮಗಳೇ, ತಳ್ಳಿಕೊಂಡು ಒಳಗೆ ಬಾ.