ಸಿಮೆಂಟಿನ ಒಳಗಿನ ಮಣ್ಣು

ಮೆಸ್ಕಿತಾಲ್ ದೊಡ್ಡಿ, ಅರಿಜೋನಾ
ಜೂನ್ 14, 1987

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಸೊಕೊರೊ ಮಾಡುವ ನಮಸ್ಕಾರಗಳು.

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತೀರೆಂದು ನಾದಿನಿ ಚೆಲಾ ಫೋನಿನಲ್ಲಿ ಹೇಳಿದಳು. ಮಗಳ ಮನೆಯ ರೊಟ್ಟಿ ದಪ್ಪ ಎಂದು ಬೈಯುತ್ತೀರಂತೆ. ಬೈಯುವಷ್ಟು ಶಕ್ತಿ ಬಂದಿದೆಯಲ್ಲ, ಅಷ್ಟು ಸಾಕು ಎಂದುಕೊಂಡೆ. ಇಲ್ಲಿ ದನಗಳು ಚೆನ್ನಾಗಿವೆ. ಊಟೆಯಲ್ಲಿ ನೀರು ಇನ್ನೂ ಉಕ್ಕುತ್ತಿದೆ. ನಿಮ್ಮ ಕುಂಟು ಹೇಸರಗತ್ತೆ ಮಾತ್ರ ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತದೆ, ಯಾರಿಂದ ಕಲಿತಿತೋ ದೇವರಿಗೇ ಗೊತ್ತು.

ಅತ್ತೆ, ನನಗೆ ಹೆದರಿಕೆಯಾಗಿದೆ. ಸುತ್ತಿ ಬಳಸಿ ಹೇಳಲು ಹೋದರೆ ಕಾಗದ ಮುಗಿಯುತ್ತದೆ, ಧೈರ್ಯವೂ ಮುಗಿಯುತ್ತದೆ. ಕಳೆದ ಮಂಗಳವಾರ ಬೆಳಿಗ್ಗೆ ಹಜಾರ ಗುಡಿಸಿ ಪೊರಕೆಯನ್ನು ಪಡುವಣ ಗೋಡೆಗೆ ಒರಗಿಸಿದೆ. ಗೋಡೆ ಟೊಳ್ಳು ಡಬ್ಬಿಯ ಹಾಗೆ ಸದ್ದು ಮಾಡಿತು. ಸಿಮೆಂಟಿನ ಬಿರುಕಿಗೆ ಚಾಕು ತೂರಿಸಿ ಒಂದು ಚಕ್ಕೆ ಎಬ್ಬಿಸಿದೆ. ಒಳಗಿನ ಸುಡದ ಮಣ್ಣಿನ ಇಟ್ಟಿಗೆ ಇಟ್ಟಿಗೆಯಾಗಿ ಉಳಿದಿಲ್ಲ. ಒದ್ದೆ ಮಣ್ಣು ಬೊಗಸೆಗಟ್ಟಲೆ ಕಾಲ ಮೇಲೆ ಸುರಿಯಿತು, ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಮುದುಕ ತಿಬುರ್ಸಿಯೊ ದನ ಬಿಟ್ಟು ಓಡಿಬಂದು ನೋಡಿದ. "ಇದು ಸಿಮೆಂಟಿನ ಮರ್ಯಾದೆಗೆ ನಿಂತಿದೆ ಕಣಮ್ಮ, ಜೋರಾಗಿ ಸೀನ್ಬೇಡ," ಎಂದ. ನಲವತ್ತು ವರ್ಷ ನಮ್ಮಲ್ಲಿ ದನ ಕಾದವನು, ತಮಾಷೆ ಮಾಡುವಾಗಲೂ ಅವನ ಮುಖ ಬಿಳಿಚಿತ್ತು. ಮೆಸ್ಕೀಟ್ ಮರದ ಕಂಬಗಳನ್ನು ಗೋಡೆಗೆ ಆನಿಸಿ ಕೊಟ್ಟಿದ್ದಾನೆ. ನಾನು ಕುದುರೆ ಜೀನುಗಳ ಕೋಣೆಗೆ ಹಾಸಿಗೆ ಸಾಗಿಸಿದ್ದೇನೆ. ಗೋಡೆ ಅದುರದಂತೆ ಬಾಗಿಲನ್ನು ಎರಡೂ ಕೈಯಿಂದ ಮುಚ್ಚುತ್ತೇನೆ.

ಹಳೆಯ ಮನೆಗಳನ್ನು ಉಳಿಸುವ ಸಂಘದ ಆ ವಿಟ್‌ಕಂಬ್ ಎಂಬ ಹೆಂಗಸು ಇಪ್ಪತ್ತೆರಡನೇ ತಾರೀಕು ಬರುತ್ತಾಳೆ. ನೂರಾಹತ್ತು ವರ್ಷದ ಈ ಗೋಡೆಗಳು ನಿಂತಿದ್ದರೆ ಮನೆ, ಊಟೆ, ಹಳ್ಳದ ಮರಗಳು, ಗುಡ್ಡದವರೆಗಿನ ಹುಲ್ಲು ಎಲ್ಲವನ್ನೂ ಒಂದೇ ಕರಾರುಪತ್ರದಲ್ಲಿ ಸೇರಿಸಿ ಕಾಯುತ್ತೇವೆ, ಮುಂದೆ ಯಾರೂ ಅಗೆಯುವಂತಿಲ್ಲ ಎಂದಿದ್ದಾಳೆ. ಮನೆ ಬಿದ್ದರೆ ಅವಳಿಗೆ ಇದು ಬರೀ ಬಯಲು. ತಾಮ್ರದ ಗಣಿಯವರು ಆಗಲೇ ಊಟೆಯ ಮೇಲ್ಗಡೆ ಗೂಟ ನೆಟ್ಟು ಕೆಂಪು ಪಟ್ಟಿ ಕಟ್ಟಿ ಹೋಗಿದ್ದಾರೆ. ಚೆಲಾ ಕೂಡ "ಮನೆಯೇ ಇಲ್ಲ ಅಂದ್ಮೇಲೆ ಮುಳ್ಳು ಕಾಯ್ಕೊಂಡು ಏನು ಮಾಡ್ತೀಯ, ಮಾರಿಬಿಡೋಣ" ಎನ್ನುತ್ತಾಳೆ. ಜಮೀನಿನಲ್ಲಿ ಅವಳ ಪಾಲೂ ಇದೆ, ಅವಳ ಸಹಿಯಿಲ್ಲದೆ ಏನೂ ಆಗುವುದಿಲ್ಲ. ಸಂಘದವಳು ಹೋದ ಎರಡೇ ದಿನಕ್ಕೆ ಸಾನ್ ಹುವಾನ್ ಹಬ್ಬ, ಅದರ ಬೆನ್ನಿಗೇ ಮಳೆ. ಮೊದಲ ಮಳೆಯನ್ನು ಆ ಗೋಡೆ ತಡೆಯುವುದಿಲ್ಲ.

ತೇವವನ್ನು ಒಳಗೇ ಹಿಡಿದಿಟ್ಟ ಸಿಮೆಂಟು ಕಿತ್ತು, ಒಳಗನ್ನು ಒಣಗಿಸಿ, ನಿಮ್ಮ ಹಾಗೆ ಮಣ್ಣಿನ ಗಾರೆ ಮೆತ್ತಬೇಕು. ಬೇರೆ ದಾರಿಯಿಲ್ಲ. ಹುಲ್ಲು, ಕುದುರೆ ಲದ್ದಿ, ಪಾಪಾಸುಕಳ್ಳಿಯ ಲೋಳೆ ಎಲ್ಲ ನನಗೆ ನೆನಪಿದೆ. ಮಣ್ಣು ಮಾತ್ರ ಗೊತ್ತಿಲ್ಲ. ಮೂರು ಕಡೆಯ ಮಣ್ಣು ತಂದು ಹಚ್ಚಿ ನೋಡಿದೆ. ಒಂದು ಬಿರಿಯಿತು, ಒಂದು ಉದುರಿತು, ಮೂರನೆಯದು ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಕೂತಿತು. "ಅಮ್ಮಾವ್ರು ಒಬ್ರೇ ಹೇಸರಗತ್ತೆ ಹೊಡ್ಕೊಂಡು ಹೋಗೋರು, ನಾನು ಹಿಂದೆ ಹೋದ್ರೆ ಕಲ್ಲು ಬೀರೋರು," ಎನ್ನುತ್ತಾನೆ ತಿಬುರ್ಸಿಯೊ. ಅದು ಯಾವ ಹಳ್ಳದ ಯಾವ ದಂಡೆ, ಅತ್ತೆ? ನಿಮ್ಮ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಆ ಜಾಗವಿಲ್ಲ. ಉತ್ತರ ಬೇಗ ಬರಲಿ.

ಚೆಲಾಳಿಗೂ ಮಕ್ಕಳಿಗೂ ನೆನಪು ತಿಳಿಸಿ. ಔಷಧಿಯನ್ನು ಹೂಕುಂಡಕ್ಕೆ ಸುರಿಯಬೇಡಿ. ಕನ್ಯಾಮಾತೆ ನಿಮ್ಮನ್ನು ಕಾಯಲಿ.

ನಿಮ್ಮ
ಸೊಕೊರೊ

ತಾ.ಕ.: ಇದನ್ನು ಚೆಲಾ ಓದಿ ಹೇಳುತ್ತಿದ್ದರೆ ಇಲ್ಲಿಗೆ ನಿಲ್ಲಿಸಲಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ಎಂಟು ವರ್ಷದ ಹಿಂದೆ ನೀವು ಮಗ್ದಲೇನಾದ ಸಂತರ ಯಾತ್ರೆಗೆ ಹೋದಾಗ ಗಾರೆಯವರನ್ನು ಕರೆಸಿ ಸಿಮೆಂಟು ಬಳಿಸಿದ್ದು ನಾನು, ನಿಮ್ಮ ಮಗ ಲಾಸರೊ ಅಲ್ಲ. ಪ್ರತಿ ವರ್ಷ ಮೆತ್ತಿ ಮೆತ್ತಿ ನನ್ನ ಕೈ ಸೀಳಿತ್ತು, ನನಗೆ ಸಾಕಾಗಿತ್ತು. ಅವನಿಗೆ ಗೊತ್ತಾಗುವಷ್ಟರಲ್ಲಿ ಎರಡು ಗೋಡೆ ಮುಗಿದಿದ್ದವು. ನೀವು ಬಂದು "ನಿಮ್ಮಪ್ಪನ ಮನೆಗೆ ಗೋರಿ ಕಟ್ಟಿದ್ಯಲ್ಲೋ" ಎಂದಾಗ ಅವನು "ನಾನೇ ಮಾಡ್ಸಿದ್ದು ಅಮ್ಮ" ಎಂದ. ಆಮೇಲೆ ನನಗೆ ಹೇಳಿದ, "ನನ್ನ ಮೇಲಿನ ಕೋಪ ಇಳಿಯತ್ತೆ ಸೊಕೊರೊ, ನಿನ್ನ ಮೇಲಿಂದು ಇಳಿಯಲ್ಲ." ಇಳಿಯಲಿಲ್ಲ. ಅವನು ಸಾಯುವವರೆಗೂ ನೀವು ಅವನೊಂದಿಗೆ ಮಾತಾಡಲಿಲ್ಲ. ಅವನ ಸಮಾಧಿಯ ಗುಂಡಿಗೆ ಎಲ್ಲರೂ ಮಣ್ಣು ಹಾಕಿದರು, ನೀವು ಕೈ ಕಟ್ಟಿಕೊಂಡು ನಿಂತಿರಿ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಗೋಡೆಗಿಂತ ನನಗೆ ಇದರ ಹೆದರಿಕೆಯೇ ಹೆಚ್ಚು.

ನನಗೆ ಹೇಳಲು ಮನಸ್ಸಿಲ್ಲದಿದ್ದರೆ ಆ ಜಾಗವನ್ನು ತಿಬುರ್ಸಿಯೊಗೆ ಹೇಳಿ. ನನ್ನ ತಪ್ಪಿಗೆ ಮನೆ ಹೋಗುವುದು ಬೇಡ. ಮಣ್ಣು ಸಿಕ್ಕ ದಿನ ಗೋಡೆಗಿಂತ ಮೊದಲು ಒಂದು ಹಿಡಿಯನ್ನು ನಿಮ್ಮ ಹೆಸರಿನಲ್ಲಿ ಅವನ ಸಮಾಧಿಗೆ ಹಾಕಿ ಬರುತ್ತೇನೆ.