ಜನ ಸೇರಬೇಡಿ ಎಂದು ಕೂಗಿ ಜನ ಸೇರಿಸಿದವನ ಅಹವಾಲು

ಸಿಂಧನೂರಿನ ಮಹಾಜನರೇ, ಲಿಂಗಸುಗೂರಿನ ತಾಯಂದಿರೇ, ಮಸ್ಕಿಯ ಕಲಾಭಿಮಾನಿಗಳೇ, ಹಿಂದೆ ನಿಂತವರು ಮುಂದೆ ಬನ್ನಿ, ಮುಂದೆ ಕೂತವರು ರುಮಾಲು ತೆಗೆದು ಹಿಂದಿನವರಿಗೆ ಕಾಣುವಂತೆ ಮಾಡಿ. ಈ ಪತ್ರ ನಿಮಗೆ ಬರೆದದ್ದಲ್ಲ. ನಮ್ಮ ಭಾಗದ ಅಧಿಕಾರಿಗಳೊಬ್ಬರಿಗೆ ಬರೆದದ್ದು. ಆದರೆ ಅವರ ಕಚೇರಿಯ ಟಪಾಲಿಗೆ ಹಾಕಿದ ನನ್ನ ಯಾವ ಕಾಗದವೂ ಇದುವರೆಗೆ ಜೀವಂತವಾಗಿ ಹೊರಗೆ ಬಂದಿಲ್ಲವಾದ್ದರಿಂದ ಈ ಸಲ ನಿಮ್ಮೆಲ್ಲರ ಎದುರಿಗೇ ಓದುತ್ತಿದ್ದೇನೆ. ಅವರ ಕುರ್ಚಿ ಈ ಮೂರು ಊರುಗಳಲ್ಲಿ ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ಒಂದೊಂದು ಊರಿನವರೂ ಉಳಿದೆರಡು ಊರಿನ ಕಡೆ ಕೈ ತೋರಿಸಿ ನಕ್ಕುಬಿಡಿ.

ಮಾನ್ಯ ದಂಡಾಧಿಕಾರಿಗಳೇ,

ನೀವೇ ಕಳಿಸಿದ ಕೆಲಸಕ್ಕೆ ಹೋಗಿ ನಾನೂ, ಆಟೋ ಓಡಿಸುವ ನನ್ನೇಸಾಬನೂ ಆರೋಪಿಗಳಾಗಿದ್ದೇವೆ. ಲಾಕ್‌ಡೌನ್ ಕಾಲದಲ್ಲಿ "ಮನೆಯಲ್ಲೇ ಇರಿ, ಗುಂಪು ಸೇರಬೇಡಿ" ಎಂದು ಮೈಕಿನಲ್ಲಿ ಸಾರಲು ನಮ್ಮನ್ನು ಊರೂರಿಗೆ ಅಟ್ಟಿದವರು ನೀವು. ಗುಂಪು ಸೇರಿಸಿದರೆಂದು ಕೇಸು ಬಿದ್ದದ್ದು ನಮ್ಮ ಮೇಲೆ. "ಅವರನ್ನು ಕಳಿಸಿದವನು ನಾನೇ" ಎಂದು ಕೋರ್ಟಿಗೆ ಬಂದು ಒಂದೇ ಒಂದು ಮಾತು ಹೇಳಬೇಕಾದವರು ತಾವು. ಆ ಒಂದು ಮಾತಿಗಾಗಿ ನಾವಿಬ್ಬರೂ ವರ್ಷಗಟ್ಟಲೆ ಕೋರ್ಟಿನ ಕಟ್ಟೆ ಸವೆಸುತ್ತಿದ್ದೇವೆ. ರೋಗ ಬಂತು, ಹೋಯಿತು, ಹೆಸರು ಬದಲಿಸಿಕೊಂಡು ಮತ್ತೆ ಬಂತು, ಕೊನೆಗೆ ನಮ್ಮ ಸಹವಾಸ ಸಾಕೆಂದು ಹೊರಟೇಹೋಯಿತು. ಕೇಸು ಮಾತ್ರ ಗಟ್ಟಿಮುಟ್ಟಾಗಿ ಕುಳಿತಿದೆ. ಯಾವ ಲಸಿಕೆಯೂ ಅದಕ್ಕೆ ತಾಗಲಿಲ್ಲ.

ನಾನು ಯಾರೆಂದು ತಾವು ಮರೆತಿದ್ದರೆ ನೆನಪಿಸುತ್ತೇನೆ. ಸಂತೆಕಲ್ಲೂರಿನ ಪಂಪಾವತಿ. ಹಗಲು ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವ ನೌಕರಿ ಮಾಡಿ ನಿವೃತ್ತನಾದವನು. ರಾತ್ರಿ ಊರೂರಿನ ನಾಟಕಗಳಲ್ಲಿ ರಾಕ್ಷಸ, ದರೋಡೆಕೋರ, ದುಷ್ಟ ಸಾಹುಕಾರರ ಪಾರ್ಟು ಮಾಡಿ ಇನ್ನೂ ನಿವೃತ್ತನಾಗದವನು. ಮೈಕು ಇಲ್ಲದ ಕಾಲದ ಮಾಸ್ತರರ ಕೈಯಲ್ಲಿ ಕಲಿತ ಗಂಟಲು ನನ್ನದು. ಮುಂದಿನ ಸಾಲಿನವನಿಗೆ ಕೇಳಿದರೆ ಸಾಲದು, ನಡುವೆ ಎದ್ದು ಬೇಲಿ ಸಾಲಿಗೆ ಹೋದವನಿಗೂ ಕೇಳಬೇಕು ಎಂಬುದು ಅವರ ಕಟ್ಟಪ್ಪಣೆ. ನಾನು ಮನೆಯಲ್ಲಿ ನೀರು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ.

ಈ ಗಂಟಲಿನ ಸುದ್ದಿ ತಮ್ಮ ಕಿವಿಗೆ ಬಿತ್ತು. ಕಚೇರಿಗೆ ಕರೆಸಿದಿರಿ. ನಿಮ್ಮ ಸಿಬ್ಬಂದಿ ಓದುವ ಪ್ರಕಟಣೆ ಕೇಳಿದರೆ ಜನಕ್ಕೆ ನಿದ್ದೆ ಬರುತ್ತದೆ, ಒಬ್ಬರೂ ಹೆದರುತ್ತಿಲ್ಲ ಎಂದು ನೊಂದುಕೊಂಡಿರಿ. ಸರಕಾರಿ ಜೀಪು ಕೆಟ್ಟು ನಿಂತಿದ್ದರಿಂದ ಹೊರಗೆ ನಿಂತಿದ್ದ ನನ್ನೇಸಾಬನ ಆಟೋವನ್ನೇ ಗೊತ್ತುಮಾಡಿದಿರಿ. ಬರಹದ ಆದೇಶ ಬೇಕೇ ಎಂದು ನಾನು ಕೇಳಲಿಲ್ಲ. ನಾಟಕದವನಿಗೆ ವೀಳ್ಯ ಕೊಟ್ಟ ಮಾತೇ ಕರಾರುಪತ್ರ. ಹೊರಡುವಾಗ ತಾವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ:

"ಮೇಷ್ಟ್ರೇ, ಸುಮ್ಮನೆ ಓದಬೇಡಿ. ಸ್ವಲ್ಪ ಭಾವ ತುಂಬಿ ಹೇಳಿ."

ಸ್ವಾಮೀ, ಈ ಜನ್ಮದಲ್ಲಿ ಯಾವ ಅಧಿಕಾರಿಯೂ ನನಗೆ ಇಷ್ಟು ಸರಿಯಾದ ಆದೇಶ ಕೊಟ್ಟಿರಲಿಲ್ಲ. ಭಾವ ತುಂಬಿದೆ. ತುಳುಕುವಂತೆ ತುಂಬಿದೆ. ರೋಗವನ್ನೇ ರಾಕ್ಷಸನನ್ನಾಗಿ ಮಾಡಿ ಅದರ ಬಾಯಿಂದಲೇ ಮಾತಾಡಿಸಿದೆ. "ಎಲೈ ಮಾನವರೇ, ಕಣ್ಣಿಗೆ ಕಾಣದವನು ನಾನು, ಕತ್ತಿಗೆ ಸಿಗದವನು ನಾನು. ನಿಮ್ಮ ಮೂಗಿನ ಹೊಳ್ಳೆಗಳೇ ನನ್ನ ಕೋಟೆಯ ಅಗಸಿ ಬಾಗಿಲು. ಮುಚ್ಚಿಕೊಂಡಿರೋ, ಬದುಕಿದಿರಿ. ತೆರೆದಿರೋ, ಬಂದೆ." ಆಮೇಲೆ ಒಂದು ಅಟ್ಟಹಾಸ. ಅಟ್ಟಹಾಸವಿಲ್ಲದ ರಾಕ್ಷಸನನ್ನು ನಾನು ಎಂದೂ ಒಪ್ಪಿಕೊಂಡವನಲ್ಲ.

ಮುಂಜಾನೆಯ ಊರುಗಳಲ್ಲಿ ಏನೂ ಆಗಲಿಲ್ಲ. ಜನ ಕಿಟಕಿಯಲ್ಲೇ ನಿಂತು ಕೇಳಿದರು. ಬಳಗಾನೂರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಎಡವಟ್ಟಾದದ್ದು ಅಲ್ಲೇ. ತಾವು ಬೇರೆ ಸೀಮೆಯವರು, ನಮ್ಮ ಪದ್ಧತಿ ತಿಳಿದಿರಲಿಕ್ಕಿಲ್ಲ. ನಮ್ಮ ಕಡೆ ನಾಟಕ ಇರುವ ದಿನ ಇಳಿಹೊತ್ತಿಗೆ ಮೈಕು ಕಟ್ಟಿದ ಗಾಡಿ ಊರು ಸುತ್ತುತ್ತದೆ. ಅದರ ದನಿ ಓಣಿಗೆ ಬಿದ್ದದ್ದೇ ತಡ, ಹೆಂಗಸರು ಚಾಪೆ, ಕೌದಿ, ಗೋಣಿತಟ್ಟು ಹಿಡಿದು ಬಯಲಿಗೆ ಓಡಿ ಮುಂದಿನ ಸಾಲಿನಲ್ಲಿ ಜಾಗ ಹಿಡಿಯುತ್ತಾರೆ. ಯಾವ ನಾಟಕ, ಯಾವ ಕಂಪನಿ ಎಂದು ವಿಚಾರಿಸುವುದು ಆಮೇಲೆ. ಮೊದಲು ಕೌದಿ.

ನಾವು ಊರು ಸುತ್ತಿ ಶಾಲೆಯ ಬಯಲಿಗೆ ಬಂದಾಗ ನೆಲ ಕಾಣುತ್ತಿರಲಿಲ್ಲ. ಬರೀ ಕೌದಿ. ನಟ್ಟನಡುವೆ, ಎಲ್ಲರಿಗಿಂತ ಮುಂದೆ, ಬಸವಣ್ಣೆಮ್ಮ ಎಂಬ ಹಿರಿಯಾಕೆ ನಾಲ್ಕು ಮೂಲೆಗೆ ಕಲ್ಲಿಟ್ಟು ಹಾಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಇನ್ನೂ ಬಾರದ ನೆಗೆಣ್ಣಿಗಾಗಿ ಒಂದು ಟವೆಲ್ ಹಾಸಿದ್ದರು. ನಾನು ಆಟೋದಿಂದ ಇಳಿದು ಕೈಮುಗಿದೆ.

"ಯವ್ವಾ, ನಾಟಕ ಇಲ್ಲ ಬೇ. ರೋಗ ಬಂದೈತಿ. ಎದ್ದು ಮನಿಗೆ ನಡಿ."

"ಆ ರೋಗದ ಪಾರ್ಟು ನೀನಾ ಮಾಡಾಕತ್ತೀಯಲ್ಲ, ಮತ್ತ ನಾಟಕ ಇಲ್ಲಂದ್ರ ಹೆಂಗ?" ಎಂದರು ಬಸವಣ್ಣೆಮ್ಮ. "ಅದಿರ್ಲಿ, ಹೆಣ್ಣು ಪಾರ್ಟಿಗೆ ಯಾರು ಬಂದಾರ ಹೇಳು."

ಜನ ಸೇರಿದ್ದನ್ನು ಕಂಡಕೂಡಲೇ ನೀನು ಬಾಯಿ ಮುಚ್ಚಬೇಕಿತ್ತು ಎಂದು ಆಮೇಲೆ ಎಲ್ಲರೂ ನನಗೆ ಬುದ್ಧಿ ಹೇಳಿದರು. ಸೇರಿದ ಜನಕ್ಕೆ ಮನೆಗೆ ಹೋಗಿರೆಂದು ಬಾಯಿ ಮುಚ್ಚಿಕೊಂಡು ಹೇಳುವುದು ಹೇಗೆ, ದಂಡಾಧಿಕಾರಿಗಳೇ? ಮೈಕಿನಲ್ಲಿ ಹೇಳಿದೆ, ದೂರದ ಓಣಿಯವರೂ ಬಂದರು. ಮೈಕು ಆರಿಸಿ ಬರಿಗಂಟಲಲ್ಲಿ ಹೇಳಿದೆ, ಗದ್ದೆಯಲ್ಲಿದ್ದವರೂ ಬಂದರು. ಸಿಟ್ಟಿನಿಂದ ಗದರಿದೆ. ಆಗ ಚಪ್ಪಾಳೆ ಬಿತ್ತು. ಯಾರೋ ಬಯಲಿನ ಅಂಚಿನಲ್ಲಿ ಒಲೆ ಹೂಡಿ ಮಿರ್ಚಿಗೆ ಎಣ್ಣೆ ಕಾಯಿಸತೊಡಗಿದರು. ನನ್ನ ಜೀವಮಾನದಲ್ಲಿ ಅಷ್ಟು ಜನ ಕೂತು ನೋಡಿದ ನಾಟಕ ಇನ್ನೊಂದಿಲ್ಲ. ದುರ್ದೈವ, ಅದು ನಾಟಕವಾಗಿರಲಿಲ್ಲ.

ಅಷ್ಟರಲ್ಲಿ ಪೊಲೀಸರ ಜೀಪು ಬಂತು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಓಡದೆ ಉಳಿದದ್ದು ಕೌದಿಗಳು, ಆಟೋ, ನನ್ನೇಸಾಬ ಮತ್ತು ನಾನು. ನಾಲ್ಕೂ ಬಾಬತ್ತು ಜಪ್ತಿಯಾದವು. ನನ್ನೇಸಾಬ ನನ್ನ ಅಂಗಿ ಎಳೆದು, "ಮಾಸ್ತರ, ಸಾಹೇಬರಿಗೆ ಫೋನ್ ಹಚ್ರಿ" ಎಂದ. ಹಚ್ಚಿದೆ. ಆ ಕಾಲದಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಕೈ ತೊಳೆಯಿರೆಂಬ ಉಪದೇಶ ಬರುತ್ತಿತ್ತಲ್ಲ, ಅದೇ ಬಂತು. ಅದರ ಹಿಂದೆ ತಾವು ಬರಲಿಲ್ಲ. ಉಪದೇಶವನ್ನು ಜಿಲ್ಲೆಯಲ್ಲೇ ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸಿದವರು ತಾವು. ನಮ್ಮಿಬ್ಬರಿಂದಲೂ ಕೈ ತೊಳೆದುಕೊಂಡಿರಿ. ಜಾಮೀನಿನ ಮೇಲೆ ಮನೆಗೆ ಬಂದಾಗ ನನ್ನ ಹೆಂಡತಿ ಯಮನಮ್ಮ ಬಾಗಿಲಲ್ಲೇ ನಿಂತಿದ್ದಳು. "ರೋಗದ ಪಾರ್ಟು ಮಾಡಾಕ ಹೋಗಿ ಕಳ್ಳನ ಪಾರ್ಟು ಮಾಡಿ ಬಂದ್ರಿ" ಎಂದಳು.

ನಮ್ಮ ಜನ ಸಾಚಾ ಎಂದು ನಾನು ವಾದಿಸುವುದಿಲ್ಲ. ಇಲ್ಲೇ ಕೂತಿದ್ದಾರೆ, ಮುಖ ನೋಡಿಯೇ ಹೇಳುತ್ತೇನೆ. ಅಂಗಡಿಯ ಹಗ್ಗಕ್ಕೆ ನೇತುಹಾಕಿದ ಮಾಸ್ಕುಗಳನ್ನು ಒಂದೊಂದಾಗಿ ಮೂತಿಗೆ ಕಟ್ಟಿ ನೋಡಿ, ಇದು ಬಿಗಿ, ಇದು ಸಡಿಲ ಎಂದು ತಿರುಗಿ ಹಗ್ಗಕ್ಕೇ ಹಾಕಿದವರು ನೀವಲ್ಲವೇ? ಕೊಂಡ ಮೇಲೆ ಅದನ್ನು ಗದ್ದಕ್ಕೆ ಇಳಿಸಿ, ಮಾತಾಡುವಾಗ ಪೂರಾ ತೆಗೆದು, ಮಾತು ಮುಗಿದ ಮೇಲೆ ಭಕ್ತಿಯಿಂದ ಏರಿಸಿಕೊಂಡವರು ಯಾರು? ರೇಷನ್ ಅಂಗಡಿಯ ಮುಂದೆ ಅಂತರ ಇರಲೆಂದು ಸುಣ್ಣದಲ್ಲಿ ಗುಂಡಗೆ ಗೀಚಿದ್ದರು. ಒಂದೊಂದು ವೃತ್ತದಲ್ಲಿ ಒಂದೊಂದು ಜೊತೆ ಚಪ್ಪಲಿ ಬಿಟ್ಟು, ಊರಿಗೆ ಊರೇ ಬೇವಿನ ಮರದ ನೆರಳಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತಿತ್ತು. ನಿಯಮ ಪಾಲಿಸಿದ್ದು ಚಪ್ಪಲಿಗಳು. ಹೊರಗಿನವರು ಬರಬಾರದೆಂದು ಊರ ದಾರಿಗೆ ಜಾಲಿಮುಳ್ಳಿನ ಕಂಟಿ ಬಡಿದರು, ಆ ಕಂಟಿ ಕಾಯಲು ನಾಲ್ಕು ಓಣಿಯ ಗಂಡಸರು ಒಂದೇ ಕಟ್ಟೆಯ ಮೇಲೆ ಇಸ್ಪೀಟು ಹರಡಿದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದ ನನ್ನ ಷಡ್ಡಕ ಕಂಟಿಯ ಆಚೆ ನಿಂತರೆ, ಒಳಗೆ ಬಿಡಲು ಆಗುವುದಿಲ್ಲವೆಂದು ಹೇಳಿ, ಅವನಿಗೂ ಆಚೆ ಬದಿಗೇ ಎಲೆ ಹಂಚಿದರು.

ಇಂಥ ಜನರನ್ನು ಆಳುವುದು ಸುಲಭವಲ್ಲ, ಒಪ್ಪಿದೆ. ಆದರೆ ಈ ಎಲ್ಲ ಗುಂಪುಗಳಲ್ಲಿ ಕೇಸಿಗೆ ಯೋಗ್ಯವಾಗಿ ಕಂಡದ್ದು, ಗುಂಪು ಬೇಡವೆಂದು ಗಂಟಲು ಹರಿದುಕೊಂಡ ಇಬ್ಬರದು ಮಾತ್ರವೇ? ಮುಂದೆ ಚುನಾವಣೆ ಬಂತು. ಮೈದಾನಗಳು ತುಂಬಿದವು. ಅಲ್ಲಿ ಕೌದಿ ಹಾಸುವ ತಾಪತ್ರಯವೂ ಇರಲಿಲ್ಲ, ಕುರ್ಚಿ ಹಾಕಿದ್ದರು. ಆ ಮೈಕುಗಳ ಮುಂದೆ ನಿಂತು ಮಾತಾಡಿದವರಲ್ಲಿ ಯಾರಾದರೂ ಇಂದು ನನ್ನ ಪಕ್ಕದ ಕಟಕಟೆಯಲ್ಲಿ ಇದ್ದಾರೆಯೇ? ಇದ್ದರೆ ಕೈ ಎತ್ತಲಿ, ಚಹಾ ಕುಡಿಸುತ್ತೇನೆ.

ನನ್ನ ಮಟ್ಟಿಗೆ ಕೋರ್ಟು ಅಂಥ ಕೆಟ್ಟ ಜಾಗವೇನಲ್ಲ. ಹೆಸರು ಕೂಗುತ್ತಾರೆ, ಪ್ರವೇಶ ಮಾಡುತ್ತೇನೆ. ಮೊದಲ ಸಲ "ಇದ್ದೇನೆ ಮಹಾಸ್ವಾಮೀ" ಎಂದು ಉತ್ತರ ಕೊಟ್ಟಾಗ ಪಕ್ಕದ ಕೋಣೆಯ ಕಕ್ಷಿದಾರರೂ ಎದ್ದು ನಿಂತರಂತೆ. ಅಂದಿನಿಂದ ನಮ್ಮ ವಕೀಲರಾದ ಶೈಲಜಾ ಮೇಡಂ, ನೀವು ತುಟಿ ಅಲ್ಲಾಡಿಸಿದರೆ ಸಾಕು, ದನಿ ನಾನು ಕೊಡುತ್ತೇನೆ ಎಂದಿದ್ದಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದೆ ಎಂಬ ದಾರಿಯನ್ನೂ ಅವರು ತೋರಿಸಿದರು. ನಾನೊಬ್ಬನೇ ಆಗಿದ್ದರೆ ಒಪ್ಪಿಬಿಡುತ್ತಿದ್ದೆ. ನನ್ನ ಗಂಟಲಿಗೆ ಜನ ಬಂದರೆಂದು ಸರಕಾರವೇ ಮುದ್ರೆ ಒತ್ತಿ ಕೊಡುವುದಾದರೆ ಬೇಡವೆನ್ನುವ ಕಲಾವಿದ ಎಲ್ಲಿದ್ದಾನೆ? ಆದರೆ ಎರಡನೆಯ ಆರೋಪಿ ನನ್ನೇಸಾಬ. ಅವನು ಕೂಗಲಿಲ್ಲ, ನಗಲಿಲ್ಲ. ಹ್ಯಾಂಡಲ್ ಹಿಡಿದು ನೀವು ಹೇಳಿದ ದಾರಿಯಲ್ಲಿ ಆಟೋ ಓಡಿಸಿದ. ಅವನು ಒಪ್ಪಬೇಕಾದ ತಪ್ಪು ಯಾವುದು?

ಈಗ ಕೇಳಿ. ಇಲ್ಲಿಯವರೆಗೆ ನಕ್ಕವರೂ ಕೇಳಿ.

ನನ್ನೇಸಾಬನ ತಾಯಿ ಮಾಬುಬೀಗೆ ಮೆಕ್ಕಾ ನೋಡಬೇಕೆಂಬ ಆಸೆ. ಉಮ್ರಾ ಯಾತ್ರೆಗೆ ಹೋಗಿಬರಲು ವರ್ಷಾನುಗಟ್ಟಲೆ ಕೂಡಿಟ್ಟು ಸಿದ್ಧವಾಗಿದ್ದಾರೆ. ಕಣ್ಣಿಗೆ ಮಂಜು, ಮೊಣಕಾಲು ಮಾತು ಕೇಳುವುದಿಲ್ಲ, ಮಗ ಕೈ ಹಿಡಿಯದೆ ಅಂಗಳ ದಾಟಲಾರರು. ತಾಯಿಯ ಪಾಸ್‌ಪೋರ್ಟು ಬಂದಿದೆ. ಮಗನದು ಬಂದಿಲ್ಲ. ನಿನ್ನ ಮೇಲೆ ಕೇಸಿದೆ, ಅದು ಮುಗಿಯಲಿ ಎನ್ನುತ್ತಾರೆ. ಕೇಸು ಮುಗಿಯಲು ನಿಮ್ಮ ಸಾಕ್ಷಿ ಬೇಕು. ನಿಮಗೆ ಸಮನ್ಸು ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ನಡುವೆ ವರ್ಗವಾಗಿ ದೂರ ಹೋದಿರಿ, ಸಮನ್ಸು ನಿಮ್ಮ ಹಿಂದೆ ಊರೂರು ಅಲೆಯಿತು. ಈಗ ತಿರುಗಿ ನಮ್ಮ ಭಾಗಕ್ಕೇ ಬಂದಿದ್ದೀರಿ. ಕೋರ್ಟು ನಿಮ್ಮ ಕಚೇರಿಯ ಕಿಟಕಿಯಿಂದ ಕಾಣುತ್ತದೆ. ಆದರೂ ಮೀಟಿಂಗು ಮುಗಿದಿಲ್ಲ. ಏನು ಚರ್ಚೆಯೋ ಅದು, ದೇಶದ ಸಂವಿಧಾನ ಬರೆಯಲು ಕೂತವರಿಗೂ ನಡುವೆ ಬಿಡುವಿತ್ತು.

ಕಳೆದ ವಾರ ಮಾಬುಬೀಯನ್ನು ಮಾತಾಡಿಸಲು ಹೋಗಿದ್ದೆ. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಚಹಾ ಕೊಡಿಸಿದರು, ಯಮನಮ್ಮನ ಆರೋಗ್ಯ ಕೇಳಿದರು. ನಾನು ಹೊರಡುವಾಗ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಮಾಸ್ತರ, ಅವತ್ತ ಬ್ಯಾಡಂದ್ರೂ ಅಷ್ಟು ಮಂದಿ ಬಂದ್ರಂತಲ್ಲ ನಿಮ್ಮ ದನಿಗೆ. ಒಬ್ಬ ಸಾಹೇಬನ್ನ ಕರಿಯಾಕ ಆಗವಲ್ದೇನ್ರೀ?"

ದಂಡಾಧಿಕಾರಿಗಳೇ, ಆ ಅಂಗಳದಿಂದ ನೇರ ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಸನ್ಮಾನ ಬೇಡ, ಪರಿಹಾರ ಬೇಡ, ನೀವು ಕ್ಷಮೆ ಕೇಳುವುದೂ ಬೇಡ. ನನ್ನನ್ನು ಬೇಕಾದರೆ ಕಟಕಟೆಯಲ್ಲೇ ಬಿಡಿ, ನಿಂತು ರೂಢಿಯಾಗಿದೆ. ನನ್ನೇಸಾಬನನ್ನು ಆ ದಿನ ಆ ದಾರಿಗೆ ಕಳಿಸಿದವರು ನೀವೆಂದು ನ್ಯಾಯಾಧೀಶರ ಎದುರು ಹೇಳಿ. ಭಾವ ತುಂಬುವುದು ಬೇಡ, ಸುಮ್ಮನೆ ಓದಿದರೂ ನಡೆಯುತ್ತದೆ.

ನಾಳೆ ನಮ್ಮ ಕೇಸಿನ ತಾರೀಖು. ಮುಂಜಾನೆ ನೀವು ಮೀಟಿಂಗಿಗೆ ಹೊರಡುವ ಮೊದಲೇ ನಿಮ್ಮ ಕ್ವಾರ್ಟರ್ಸಿನ ಗೇಟಿಗೆ ನಾನು ಬರುತ್ತೇನೆ. ಮೈಕು ತರುವುದಿಲ್ಲ. ನನ್ನೇಸಾಬ ಆಟೋ ಒರೆಸಿ ತಂದು ನಿಲ್ಲಿಸಿರುತ್ತಾನೆ. ಹಿಂದಿನ ಸೀಟಿನಲ್ಲಿ ಮಾಬುಬೀ ಕೂತಿರುತ್ತಾರೆ, ಪಕ್ಕದ ಜಾಗ ತಮಗೆ. ನಾನು ಒಂದೇ ಸಲ "ಸಾಹೇಬರೇ, ಬರ್ರಿ" ಎಂದು ಕರೆಯುತ್ತೇನೆ, ಮೆಲ್ಲಗೆ, ನನ್ನಿಂದ ಆಗುವಷ್ಟು ಮೆಲ್ಲಗೆ. ಕೋರ್ಟು ಮುಟ್ಟುವ ತನಕ ಮತ್ತೆ ಬಾಯಿ ತೆರೆಯುವುದಿಲ್ಲ. ನಾಳೆಯ ಮಾತು ಪೂರಾ ನಿಮ್ಮ ಪಾಲಿನದು.

ಇಂತಿ,
ತಮ್ಮ ಆದೇಶವನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಪಾಲಿಸಿ ಕೆಟ್ಟವನಾದ
ಪಂಪಾವತಿ, ಒಂದನೆಯ ಆರೋಪಿ
ಸಂತೆಕಲ್ಲೂರು