ಕೈಗೆ ಸುಲಭವಾಗಿ ಸಿಕ್ಕವಳು

ದೊಡ್ಡಮ್ಮನವರಿಗೆ ನಮಸ್ಕಾರ.

ಹೌದು, ದೊಡ್ಡಮ್ಮ ಎಂದೇ ಬರೆದಿದ್ದೇನೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡುವ ಶ್ರಮ ಬೇಡ. ಹೋದ ವಾರ ಆಸ್ಪತ್ರೆಯ ಮಂಚದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು, "ಆಪರೇಷನ್‌ಗೆ ಒಳಗೆ ಹೋಗೋ ಮುಂಚೆ ಒಂದ್ಸಲ ಅಮ್ಮ ಅನ್ನೇ. ನೀವು ಗೀವು ಅನ್ಬೇಡ ಕಣೇ, ನೀನು ಅನ್ನು," ಎಂದಿರಿ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಯೋಚಿಸಿದ್ದಾಯಿತು. ಆಗುವುದಿಲ್ಲ.

ಕಾರಣ ಹೇಳುತ್ತೇನೆ. "ಅದೇನೇ ಮಾಡ್ತೀಯ ಇಲಿ ಇಟ್ಕೊಂಡು?" ಎಂದು ಬಂದವರ ಮುಂದೆಲ್ಲ ನಗುತ್ತಿದ್ದಿರಲ್ಲ, ಇವತ್ತು ಪೂರ್ತಿ ಕೇಳಿಸಿಕೊಳ್ಳಿ. ಇಲಿಗಳ ಮೇಲಿನ ಪ್ರಯೋಗ ಹೇಗೆ ನಡೆಯಬೇಕು, ಬಂದ ಅಂಕಿಗಳನ್ನು ಹೇಗೆ ಓದಬೇಕು ಎಂದು ಹೇಳುವುದು ನನ್ನ ಕೆಲಸ. ಮೂರು ಬಗೆಯ ಆಹಾರ ಇದೆ ಎನ್ನಿ. ಯಾವುದನ್ನು ತಿಂದ ಮರಿ ಚೆನ್ನಾಗಿ ಬೆಳೆಯುತ್ತದೆ ಎಂದು ನೋಡಬೇಕು. ಒಬ್ಬ ತಾಯಿಯ ಮರಿಗಳನ್ನೆಲ್ಲ ಸೇರಿಸಿ ನಾವು ಒಂದು 'ಮನೆ' ಎನ್ನುತ್ತೇವೆ. ಒಂದೇ ಹೊಟ್ಟೆ, ಒಂದೇ ಹಾಲು. ಹಾಗಾಗಿ ಹೋಲಿಕೆ ಆ ಮನೆಯ ಒಳಗೇ ನಡೆಯಬೇಕು. ತಾಪತ್ರಯ ಏನೆಂದರೆ ಇಲಿಗಳು ನಮ್ಮನ್ನು ಕೇಳಿ ಹೆರುವುದಿಲ್ಲ. ಒಂದು ಮನೆಯಲ್ಲಿ ಒಂಬತ್ತು ಮರಿ, ಪಕ್ಕದ ಮನೆಯಲ್ಲಿ ಎರಡು.

ನಾನು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯದ ಮುಖ್ಯಸ್ಥರದ್ದು ಒಂದೇ ಮಂತ್ರ. "ಎಲ್ಲಾ ಮನೆ ಸಮ ಮಾಡ್ಬಿಡಿ, ಜಾಸ್ತಿ ಇರೋದನ್ನ ತೆಗೆದ್ಬಿಡಿ." ತೆಗೆಯುವುದು ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹಟ ಹಿಡಿದೆ. ಮನೆಗಳು ಹೇಗಿವೆಯೋ ಹಾಗೇ ಇರಲಿ, ಲೆಕ್ಕ ತೊಡಕಾದರೆ ಆಗಲಿ. ದೊಡ್ಡ ಮನೆಯ ಮಾತಿಗೆ ಹೆಚ್ಚು ತೂಕ, ಚಿಕ್ಕ ಮನೆಯ ಮಾತಿಗೆ ಕಡಿಮೆ, ಅದಕ್ಕೆ ವಿಧಾನ ಇದೆ ಎಂದೆ. ಅಯ್ಯೋ, ಎಂಥಾ ಕರುಣೆ ಎಂದುಕೊಳ್ಳಬೇಡಿ. ಪ್ರಯೋಗ ಮುಗಿದ ಮೇಲೆ ಎಲ್ಲವನ್ನೂ ಕೊಂದು ಲಿವರ್ ತೂಗುತ್ತೇವೆ.

ನೀವೂ ನಮ್ಮ ಮುಖ್ಯಸ್ಥರ ಹಾಗೆಯೇ. ನಿಮಗೆ ನಾಲ್ಕು ಮಕ್ಕಳು, ನಿಮ್ಮ ತಂಗಿಗೆ ಒಂದೂ ಇಲ್ಲ. ಒಂದನ್ನು ತೆಗೆದು ಆ ಕಡೆ ಇಟ್ಟಿರಿ. ಹೆತ್ತವರು ದೊಡ್ಡಮ್ಮನಾದಿರಿ, ಚಿಕ್ಕಮ್ಮ ನನಗೆ ಅಮ್ಮನಾದಳು. ಅದಕ್ಕೆ ನನಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ಇರಲಿಲ್ಲ. ಯಾಕೆಂದರೆ ನೀವು ಚೀಟಿಯ ಕಥೆ ಹೇಳಿದ್ದಿರಿ. ನಾಲ್ಕು ಹೆಸರು ಬರೆದು, ಡಬ್ಬಿಯಲ್ಲಿ ಹಾಕಿ, ಕಣ್ಣು ಮುಚ್ಚಿ ಎತ್ತಿದಿರಿ, ನನ್ನ ಹೆಸರು ಬಂತು. ಆ ಡಬ್ಬಿಯನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಗೊತ್ತೇ? ಅಕ್ಕನ ಹೆಸರೂ ಬರಬಹುದಿತ್ತು, ಅಣ್ಣಂದಿರದ್ದೂ ಬರಬಹುದಿತ್ತು. ಯಾರೂ ನನ್ನನ್ನು ಬೇಡ ಎಂದಿರಲಿಲ್ಲ. ಯಾವ ಮರಿಗೆ ಯಾವ ಆಹಾರ ಎಂದು ಇವತ್ತಿಗೂ ನಾನು ಚೀಟಿ ಎತ್ತಿಯೇ ಹೇಳುವುದು, ಆ ನ್ಯಾಯದ ಮೇಲೆ ನನಗೆ ಅಷ್ಟು ನಂಬಿಕೆ.

ಹೋದ ವಾರ ನೀವು, ಸಾಯುವ ಭಯದಲ್ಲೋ ಏನೋ, ಬಾಯಿ ಬಿಟ್ಟಿರಿ. "ಚೀಟಿ ಗೀಟಿ ಏನೂ ಇರ್ಲಿಲ್ಲ ಕಣೇ. ದೊಡ್ಡೋನು ನನ್ನ ಬಿಟ್ಟು ಇರ್ತಿರ್ಲಿಲ್ಲ. ನಿನ್ನಕ್ಕ ರಂಪ ಮಾಡೋಳು, ಚಿಕ್ಕೋನು ಕಚ್ಚೋನು. ನೀನು ಪಾಪ, ಯಾರು ಎತ್ಕೊಂಡ್ರೂ ಅಳ್ತಿರ್ಲಿಲ್ಲ."

ಹೊಸದಾಗಿ ಸೇರಿದವರೆಲ್ಲ ನಮ್ಮಲ್ಲಿ ಮಾಡುವ ತಪ್ಪು ಇದೇ, ದೊಡ್ಡಮ್ಮ. ಪಂಜರಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತುತ್ತಾರೆ. ಕೈಗೆ ಮೊದಲು ಸಿಗುವುದು ಓಡದ ಇಲಿ, ಕಚ್ಚದ ಇಲಿ, ನಂಬುವ ಇಲಿ. ಅಲ್ಲಿಗೆ ಪ್ರಯೋಗ ಕೆಟ್ಟಿತು. ಆಮೇಲೆ ಯಾವ ಲೆಕ್ಕದಿಂದಲೂ ಅದನ್ನು ಸರಿ ಮಾಡಲಾಗುವುದಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಒಳ್ಳೆಯತನವೇ ನನಗೆ ಮುಳುವಾಯಿತಲ್ಲ.

ಅದರ ಮೇಲೆ ನಿಮ್ಮ ಸಮಾಧಾನ ಬೇರೆ. "ನೋಡು, ನಾಲ್ವರಲ್ಲಿ ನೀನೇ ಚೆನ್ನಾಗಿ ಬಂದಿದ್ದು. ಕೊಟ್ಟಿದ್ದು ಒಳ್ಳೇದೇ ಆಯ್ತು." ಹಾಗೆ ಹೇಳಬೇಕಾದರೆ ಆ ಮನೆಯಲ್ಲಿ ನನ್ನ ಜೊತೆ ಇನ್ನೊಂದು ಮಗು ಇರಬೇಕಿತ್ತು. ಒಂದೇ ಮರಿ ಇರುವ ಮನೆ ಹೋಲಿಕೆಗೆ ಬರುವುದಿಲ್ಲ. ಅದರ ಅಂಕಿಯನ್ನು ನಾವು ಪಕ್ಕಕ್ಕಿಡುತ್ತೇವೆ. ನಾನು ಚೆನ್ನಾಗಿ ಬಂದದ್ದು ಕೊಟ್ಟಿದ್ದರಿಂದಲೋ, ಸಾಕಿದವಳಿಂದಲೋ, ಅಳದೆ ಇದ್ದುದರಿಂದಲೋ, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮನಸ್ಸಿನ ನೆಮ್ಮದಿಗೆ ನನ್ನನ್ನು ಸಾಕ್ಷಿಗೆ ಕರೆಯಬೇಡಿ.

ಇನ್ನೂ ಒಂದು ಮಾತು. ನಿಮ್ಮ ತಂಗಿ ಇರುವ ತನಕ ಈ 'ಅಮ್ಮ' ಎನಿಸಿಕೊಳ್ಳುವ ಆಸೆ ನಿಮಗೆ ಎಲ್ಲಿತ್ತು? ಅವಳು ಹೋಗಿ ವರ್ಷ ತುಂಬಿಲ್ಲ, ಜಾಗ ಖಾಲಿ ಇದೆ ಎಂದು ಬಂದಿರಿ. ಅವಳು ಸಾಯುವವರೆಗೂ ಆ ಚೀಟಿಯನ್ನು ನಂಬಿದ್ದಳು. "ನನ್ನ ಪಾಲಿಗೆ ಬಂದ ಮಗು ಇದು," ಎಂದು ತಲೆ ಸವರುತ್ತಿದ್ದಳು. ಅವಳಿಗೂ ಮೋಸ ಮಾಡಿದಿರಿ.

ನಿಮಗೆ ಅನ್ಯಾಯವಾಗಬಾರದು ಎಂದು ನಿನ್ನೆ ನಾನೂ ಚೀಟಿ ಬರೆದೆ. ಒಂದರಲ್ಲಿ 'ಅಮ್ಮ ಅನ್ನು', ಇನ್ನೊಂದರಲ್ಲಿ 'ಅನ್ನಬೇಡ'. ಲೋಟಕ್ಕೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ಎತ್ತಿದೆ. 'ಅನ್ನು' ಎಂದೇ ಬಂತು. ಹರಿದು ಹಾಕಿದೆ. ಕೈಯಾರೆ ಆರಿಸುವುದನ್ನು ನಿಮ್ಮಿಂದಲೇ ಕಲಿತದ್ದು.

ಆಪರೇಷನ್ ದಿನ ಬರುತ್ತೇನೆ, ಎಲ್ಲರ ಜೊತೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬಾಗಿಲು ತೆಗೆದು ಬಂದವರು ಏನೇ ಹೇಳಲಿ, ನಾನು ಅಳುವುದಿಲ್ಲ. ಅಳದ ಮಗು ಎಂದೇ ಅಲ್ಲವೇ ನನ್ನನ್ನು ಆರಿಸಿದ್ದು?

ಮೂರು ಮಕ್ಕಳ ತಾಯಿ ನೂರು ಕಾಲ ಬಾಳಲಿ.

ಇಂತಿ,
ನಿಮ್ಮ ತಂಗಿಯ ಮಗಳು